ಸೂರ್ಯ ಹತ್ತಿರವಿರುವ ತಿಂಗಳು

ಆ ಪುಸ್ತಕದ ರಟ್ಟು ನೀಲಿ ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಹಸಿರೂ ಇದ್ದೀತು. ಇಸವಿ ಅರವತ್ತೊಂದೋ ಅರವತ್ತೆರಡೋ, ಅದೂ ಖಚಿತವಿಲ್ಲ. ದಿನಚರಿ ಬರೆಯುವ ಚಟವಿದ್ದೂ ಆ ಬೇಸಿಗೆಯ ಹಾಳೆಗಳನ್ನು ಖಾಲಿ ಬಿಟ್ಟಿದ್ದೇನೆ. ಹಾಗಾಗಿ ಇಲ್ಲಿ ಕೆಲವು ವಿವರ ತಪ್ಪಿರಬಹುದು.

ಅಪ್ಪ ಹುಬ್ಬಳ್ಳಿಯಲ್ಲಿ ಗಿರಣಿ ಕೆಲಸದಲ್ಲಿದ್ದರು. ನನ್ನ ಓದಿನ ಉಸ್ತುವಾರಿಯನ್ನು ಧಾರವಾಡದಲ್ಲಿದ್ದ ತಮ್ಮನಿಗೆ, ಅಂದರೆ ನಮ್ಮ ಕಾಕಾಗೆ, ಒಪ್ಪಿಸಿದ್ದರು. ಕಾಕಾ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ರವಿವಾರ ಸಂಜೆ ಅವರ ಪಡಸಾಲೆಯಲ್ಲಿ ಐದಾರು ಮಂದಿ ಸೇರಿ ಪುಸ್ತಕಗಳ ಬಗ್ಗೆ ಮಾತಾಡುತ್ತಿದ್ದರು. ಅಲ್ಲಿಯವರೆಗೆ ಬರೀ ಕಾವ್ಯ. ವಿಜ್ಞಾನವನ್ನು ಆ ಮನೆಗೆ ತಂದವಳು ನಾನು. ಪಿಯುಸಿಯಲ್ಲಿದ್ದಾಗ ಕಾಲೇಜಿನ ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿ, ಆಕಾಶದ ಬಗ್ಗೆ ಸಾಮಾನ್ಯರಿಗಾಗಿ ಬರೆದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಸೂತ್ರಗಳಿಲ್ಲ, ಲೆಕ್ಕಗಳಿಲ್ಲ, ಕಟ್ಟೆಯ ಮೇಲೆ ಕೂತು ನೆರೆಮನೆಯವರ ಸುದ್ದಿ ಹೇಳಿದಂತೆ ಗ್ರಹಗಳ ಸುದ್ದಿ. ಹೀಗೂ ಬರೆಯಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಕಾಕಾಗೆ ತೋರಿಸಿದೆ. ಅವರ ಇಂಗ್ಲಿಷ್ ಓದು ನಿಧಾನ. "ನೀ ಒಂದೊಂದ ಅಧ್ಯಾಯ ಕನ್ನಡದಾಗ ಬರದ ಕೊಡು. ನಾ ಹೇಳತೇನಿ," ಎಂದರು.

ನೂರು ಪುಟದ ನೋಟುಬುಕ್ಕಿನಲ್ಲಿ ಬರೆದುಕೊಟ್ಟೆ. ಕಾಕಾ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೇಳುವರು. ನಾನು ಕಾಕಾರ ಹೆಂಡತಿ ಕಾಕುವಿನ ಜೊತೆ ಒಳಗೆ ಗಿರಮಿಟ್ಟಿನ ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚುತ್ತ ನನ್ನ ವಾಕ್ಯಗಳನ್ನೇ ಕೇಳುವೆ. ನನ್ನನ್ನೂ ಹೊರಗೆ ಕೂಡಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ನಿಜ ಹೇಳಬೇಕೆಂದರೆ ನನಗೂ. ನನಗೆ ಬೇಕಾಗಿದ್ದು ಒಂದೇ: ಜೂನಿನಲ್ಲಿ ಬಿ.ಎಸ್ಸಿ. ಅರ್ಜಿಗೆ ಕಾಕಾ ಸಹಿ. ಆ ನೋಟುಬುಕ್ಕೇ ನನ್ನ ಶಿಫಾರಸು ಎಂದುಕೊಂಡಿದ್ದೆ.

ಮೇ ತಿಂಗಳ ಒಂದು ರವಿವಾರ, ಮಂದಿ ಬರುವ ಮುಂಚೆ, ಕಾಕಾ ಕರೆದರು.

"ಏನ ಬರದೀ ಇದು? ಭೂಮಿ ಸೂರ್ಯಗ ಭಾಳ ಹತ್ರ ಇರೋದು ಜನವರಿಯಾಗ?"

"ಪುಸ್ತಕದಾಗ ಹಂಗ ಐತ್ರಿ ಕಾಕಾ. ಬ್ಯಾಸಗಿಗೆ ಕಾರಣ ಹತ್ರ ಬರೋದಲ್ಲಂತ, ಭೂಮಿ ವಾಲಿರೋದಂತ."

"ಅಂಗಳದಾಗ ಐದ ನಿಮಿಷ ನಿಂದ್ರು ಹೋಗು. ಯಾವಾಗ ಹತ್ರ ಅಂತ ನಿನ್ನ ನೆತ್ತೀನ ಹೇಳತೈತಿ."

ಕಾಕು ನಕ್ಕರು. ನಾನೂ ನಕ್ಕೆನೇನೋ. ಪುಸ್ತಕ ಕಿಟಕಿಯಲ್ಲೇ ಇತ್ತು. ಕಾಕಾ ಪೆನ್ನು ತೆಗೆದು 'ಜನವರಿ' ಹೊಡೆದುಹಾಕಿ ಮೇಲೆ 'ಮೇ' ಎಂದು ಬರೆದರು. ನನ್ನ ನೆನಪಿನಲ್ಲಿರುವುದು ಹೀಗೆ.

ಆ ಸಂಜೆ, ಅಪರೂಪಕ್ಕೆ ಬರುವ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಬಂದಿದ್ದರು. ನಾನು ಚಹಾ ತಾಟು ಹಿಡಿದು ಬಾಗಿಲಿಗೆ ಬರುವುದಕ್ಕೂ ಅವರು ಕಾಕಾರ ಮಾತು ತಡೆಯುವುದಕ್ಕೂ ಸರಿಹೋಯಿತು.

"ಒಂದ ನಿಮಿಷ ಮಾಸ್ತರ್ರ. ಮೇದಾಗ ಅಲ್ರಿ, ಜನವರಿಯಾಗ. ನೀವು ಹೇಳಿದಂಗಿದ್ರ ಆಸ್ಟ್ರೇಲಿಯಾದವರೂ ಈಗ ಬೀಸಣಿಕಿ ಹಿಡಕೊಂಡ ಕೂಡಬೇಕಿತ್ತಲ್ಲ!"

ಎಲ್ಲರೂ ನಕ್ಕರು. ಕಾಕಾ ನೋಟುಬುಕ್ಕನ್ನು ಎತ್ತಿ ತೋರಿಸಿದರು. "ನಮ್ಮ ಹುಡುಗಿ ಬರದ ಕೊಟ್ಟಿದ್ದರಿ ಇದು. ನಾ ಓದಿದೆ ಅಷ್ಟ."

ಎಂಟೋ ಒಂಬತ್ತೋ ಅಧ್ಯಾಯ ಮುಗಿದಿದ್ದವು. ಬರೆದವಳು ನಾನೆಂದು ಹೊರಗಿನವರಿಗೆ ಗೊತ್ತಾದದ್ದು ಅವತ್ತೇ ಮೊದಲು. ಅಧ್ಯಾಪಕರು ನನ್ನತ್ತ ತಿರುಗಿ, ಕೆಟ್ಟ ದನಿಯಲ್ಲೇನೂ ಅಲ್ಲ, "ಎರಡ ಸಲ ಓದಬೇಕವಾ ತಂಗಿ," ಎಂದರು. ನಾನು ಅವರಿಗೆ ಚಹಾ ಕೊಟ್ಟೆ.

ಜೂನಿನಲ್ಲಿ ಅರ್ಜಿ ಮುಂದಿಟ್ಟಾಗ ಕಾಕಾ ಅಂದರು: "ಸೂರ್ಯ ಯಾವಾಗ ಹತ್ರ ಅನ್ನೋದ ತಿಳೀಲಿಲ್ಲ ನಿನಗ. ಸೈನ್ಸ್ ಏನ ಓದ್ತೀ? ಕನ್ನಡ ಛಲೋ ಐತಿ, ಬಿ.ಎ. ಮಾಡು." ಮುಖದಲ್ಲಿ ಅಳುಕಿರಲಿಲ್ಲ. ತಪ್ಪು ನನ್ನದೇ ಎಂದು ಒಂದೇ ತಿಂಗಳಲ್ಲಿ ಅವರು ನಂಬಿಬಿಟ್ಟಿದ್ದರು. ನಾನು ಬಿ.ಎ. ಮಾಡಿದೆ, ಎಂ.ಎ. ಮಾಡಿದೆ. ಕಾಕಾ ನನ್ನ ವಾಕ್ಯ ಕೆಡಿಸಿ ನನ್ನ ಮೇಲೇ ಹಾಕಿದರೆಂದು ಗೆಳತಿಯರೆದುರು, ಅಪ್ಪನೆದುರು, ನೆಂಟರೆದುರು ಹೇಳಿಕೊಂಡು ತಿರುಗಿದೆ.

ಏಳೆಂಟು ವರ್ಷದ ಮೇಲೆ ಕಾಕಾ ಮನೆ ಬದಲಿಸುವಾಗ ಟ್ರಂಕಿನಲ್ಲಿ ಆ ನೋಟುಬುಕ್ಕು ಸಿಕ್ಕಿತು. ಆ ಪುಟ ತೆಗೆದೆ. 'ಜನವರಿ'ಯ ಮೇಲೆ ಗೆರೆ ಇದೆ, 'ಮೇ' ಇದೆ. ಆದರೆ ಅದು ಕಾಕಾರ ಅಕ್ಷರವಲ್ಲ. ನನ್ನದೇ ಗುಂಡಗಿನ ಅಕ್ಷರ, ನನ್ನದೇ ಶಾಯಿ.

ಅವರು ತಿದ್ದು ಎಂದಿರಬೇಕು. ಪುಸ್ತಕ ಕೈಯಳತೆಯಲ್ಲಿದ್ದೂ ತೆರೆದು ತೋರಿಸದೆ, ಸಹಿಯ ಆಸೆಗೆ ನಾನು ತಿದ್ದಿರಬೇಕು. ಅಥವಾ ಅವರು ಏನೂ ಅಂದಿರಲಿಕ್ಕಿಲ್ಲ. ಆ ನಗೆಗೇ ಹೆದರಿ ನಾನಾಗಿಯೇ ಗೆರೆ ಎಳೆದಿರಬಹುದು. ಹಾಗಿದ್ದರೆ ಅವರು ಅವತ್ತು ಮಂದಿಯೆದುರು ಹೇಳಿದ್ದು ನಿಜವೇ.

ಗಂಟು ಕಟ್ಟುತ್ತಿದ್ದ ಕಾಕಾರ ಮುಂದೆ ಪುಟ ಹಿಡಿದು ಕೇಳಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಅಕ್ಷರ ಎಷ್ಟ ಛಂದ ಇದ್ವು ನಿನ್ನವು," ಎಂದು ಮುಚ್ಚಿ ಕೈಗೆ ಕೊಟ್ಟು, ಮತ್ತೆ ಹಗ್ಗ ಬಿಗಿಯತೊಡಗಿದರು. ನಾನು ಕೇಳಿದ್ದು ಇಷ್ಟೇ:

"ತಿದ್ದು ಅಂತ ಅವತ್ತ ನೀವು ಅಂದಿದ್ರೋ ಇಲ್ಲೋ, ಕಾಕಾ?"