ಸಾಂಟಾ ಕ್ಲಾರಾದ ರೆಕಾರ್ಡು ಅಂಗಡಿಯಲ್ಲಿ

ದಕ್ಷಿಣ ಆಫ್ರಿಕಾದ ರ‍್ಯಾಪ್ ಗಾಯಕಿಯೊಬ್ಬಳ ಹೊಸ ರೆಕಾರ್ಡು ಬಂದಿದೆಯೆಂದು ಅಕ್ಕನ ಮಗಳು ಅನಘಾ ನನ್ನನ್ನು ಅಮೆರಿಕದ ಸಾಂಟಾ ಕ್ಲಾರಾದ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದಳು. ಕೌಂಟರಿನಲ್ಲಿದ್ದ ನೊಂಸಾ ಅದೇ ದೇಶದವರು, ಐವತ್ತು ದಾಟಿದ ಹೆಂಗಸು. ಕೇಳಿ ನೋಡಿ ಎಂದು ರೆಕಾರ್ಡು ಹಾಕಿದರು. ಕಂಪ್ಯೂಟರಿನ ತಾಳದ ಮೇಲೆ ಬಿರುಸಿನ ಮಾತು, ನಡುನಡುವೆ ನಾವು ಲೊಚಗುಟ್ಟಿದಂಥ ಸದ್ದು. ನಾನದನ್ನು ವಾದ್ಯ ಅಂದುಕೊಂಡಿದ್ದೆ. ಅದು ಅವರ ಭಾಷೆಯ ಅಕ್ಷರವಂತೆ.

ಕೊನೆಯ ಹಾಡಿನಲ್ಲಿ ತಾಳ ನಿಂತು ಹೆಂಗಸರು ಒಟ್ಟಾಗಿ ಹಾಡತೊಡಗಿದರು. ನೊಂಸಾ ತಟ್ಟನೆ ನಿಲ್ಲಿಸಿದರು.

"ನಮ್ಮಲ್ಲಿ ಮಣ್ಣು ಮಾಡುವಾಗ ಹಾಡೋದು ಇದು," ಎಂದರು ಇಂಗ್ಲಿಷಿನಲ್ಲಿ. "ಅಮ್ಮ ತೀರಿಕೊಂಡಾಗ ಇಲ್ಲಿನ ನನ್ನ ಹೊಸ ವೀಸಾ ಇನ್ನೂ ಬಂದಿರಲಿಲ್ಲ, ಊರಿಗೆ ಹೋದರೆ ವಾಪಸ್ ಬರೋಕಾಗ್ತಿರಲಿಲ್ಲ, ಅದಕ್ಕೇ ಹೋಗಲಿಲ್ಲ. ತಂಗಿ ಫೋನು ಹಿಡಿದು ಕೇಳಿಸಿದಳು. ಮುಗಿಯೋ ಮುಂಚೆ ನಾನೇ ಇಟ್ಟುಬಿಟ್ಟೆ."

ಯಾವಾಗಲೂ ನನಗೆ ಇಂಗ್ಲಿಷಿನಲ್ಲೇ ಉತ್ತರಿಸುವ ಅನಘಾ, ಅವರಿಗೆ ತಿಳಿಯಬಾರದೆಂದು ಕನ್ನಡದಲ್ಲಿ ಪಿಸುಗುಟ್ಟಿದಳು: "ಚಿಕ್ಕಮ್ಮ, ಹೋಗೋಣ."

ನಾವು ಬಾಗಿಲ ಕಡೆ ತಿರುಗಿದ್ದನ್ನು ನೊಂಸಾ ನೋಡಿದರು.

"ಸ್ವಲ್ಪ ಇರಿ. ಯಾರಾದರೂ ಜೊತೆಗಿದ್ದರೆ ಕೇಳ್ತೀನಿ," ಎಂದು ಮುಳ್ಳನ್ನು ಮತ್ತೆ ಅದೇ ಹಾಡಿನ ಮೇಲಿಟ್ಟರು. ಅದು ಮುಗಿಯುವವರೆಗೂ ಮೂವರೂ ನಿಂತೇ ಇದ್ದೆವು.