ಮಗ್ಗದ ಗುಂಡಿಯಲ್ಲಿ ಹಾವು

ಗೆಳತಿಯರೇ, ಇವತ್ತು ನಮ್ಮ ಬೆಕ್ಕು ಮೊಳದುದ್ದದ ಹಾವೊಂದನ್ನು ಜೀವಂತವಾಗಿ ಕಚ್ಚಿ ತಂದು ಪಕ್ಕದ ಮನೆಯ ನೇಕಾರ ರಂಗಣ್ಣನ ಮಗ್ಗದ ಗುಂಡಿಗೆ ಹಾಕಿತು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ರಂಗಣ್ಣ ಒಂದೇ ನೆಗೆತಕ್ಕೆ ಹೊರಬಿದ್ದ. ಯುದ್ಧದ ದೆಸೆಯಿಂದ ನೂಲೇ ಸಿಗದ ಈ ಕಾಲದಲ್ಲಿ ಹೇಗೋ ಹೊಂದಿಸಿ ಮಗ್ಗಕ್ಕೆ ಹಾಕಿದ್ದ ಧಾರೆ ಸೀರೆ ಅದು. ಸೆರಗು ಇನ್ನೂ ಬಾಕಿ.

“ಅಕ್ಕಾ, ಸಂಜೆಗೆ ಮದ್ವೆಯವ್ರು ಬರ್ತಾರೆ. ನಿಮ್ ಬೆಕ್ಕು ನನ್ ಮಾನ ಕಳೀತಲ್ಲ!” ಎಂದ.

ನಾನು ಕೋಲು ತಂದೆ. ಅವನ ಹೆಂಡತಿ ಸಾಕಮ್ಮ ಅಡ್ಡ ನಿಂತಳು. “ಹೊಡೀಬ್ಯಾಡ್ರಕ್ಕಾ! ನಾವು ಘಾಟಿ ಸುಬ್ಬಪ್ಪನ ಒಕ್ಕಲು. ಹಾಲಿಟ್ಟು ಕೇಳ್ಕೊಂಡ್ರೆ ತಾನೇ ಹೋಗ್ತಾನೆ.”

ಗುಂಡಿಯ ಅಂಚಿನಲ್ಲಿ ಬಟ್ಟಲು ಹಾಲಿಟ್ಟು ಮೂವರೂ ಕಣ್ಣು ಮುಚ್ಚಿ ಕೈಮುಗಿದೆವು. ಕಣ್ಣು ಬಿಟ್ಟಾಗ ಹಾವು ಹಿತ್ತಲ ಬಾಗಿಲು ದಾಟುತ್ತಿತ್ತು. ಬಟ್ಟಲನ್ನು ಬೆಕ್ಕು ನೆಕ್ಕುತ್ತಿತ್ತು.

“ನೋಡಿದ್ರಾ, ನನ್ ಮಾತು ಕೇಳ್ದ!” ಎಂದು ಸಾಕಮ್ಮ ಬೀಗಿದಳು. ರಂಗಣ್ಣ ಗುಂಡಿಯೊಳಗೆ ಚೆನ್ನಾಗಿ ಇಣುಕಿ ನೋಡಿ, ಆಮೇಲೆ ಕಾಲಿಳಿಸಿದ. ಲಾಳಿ ಮತ್ತೆ ಓಡುತ್ತಿದೆ.

ಹಾವು ತಂದರೆ ಹಾಲು ಕೊಡುತ್ತಾರೆ ಎಂದು ನಮ್ಮ ಬೆಕ್ಕು ಕಲಿತುಕೊಂಡಿದೆ. ಮೀಸೆ ಒರೆಸಿಕೊಂಡು ಈಗ ಮತ್ತೆ ಬೇಲಿಯತ್ತ ಹೊರಟಿದೆ.