ಬೆಳ್ಳಕ್ಕಿಗೆ ತಕ್ಕ ಕ್ಯಾಮೆರಾ

ತೊಂಬತ್ತರ ದಶಕದ ಮೊದಲಲ್ಲಿ ಹೊಣಕೆರೆಯ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ನರ್ಸಮ್ಮ, ಬಸುರಿಯರು ಆಸ್ಪತ್ರೆಗೆ ಬರಲಾಗದಿದ್ದರೆ "ಬುಡು, ನಾವೇ ಓಗನ" ಎಂದು ಸೆರಗು ಸಿಕ್ಕಿಸಿ ಸೈಕಲ್ ಹತ್ತುತ್ತಿದ್ದರು. ದಾರಿಯುದ್ದಕ್ಕೂ ಕೆರೆ, ಹಕ್ಕಿ ನೋಡಿ ನೋಡಿ ಅವರಿಗೆ ಫೋಟೊದ ಹುಚ್ಚು ಹಿಡಿಯಿತು.

ಕ್ಯಾಮೆರಾ ಕೊಳ್ಳಲು ಮೈಸೂರಿಗೆ ನನ್ನನ್ನೂ ಕರೆದೊಯ್ದರು. ಕೆರೆ, ಹಕ್ಕಿ ತೆಗೆಯಬೇಕೆಂದಾಗ ಅಂಗಡಿಯವನು ಹೊಸ ಆಟೋಮ್ಯಾಟಿಕ್ ಒಂದನ್ನು ಹೊಗಳಿದ. ಇವರು ಕೈಯಲ್ಲೇ ಫೋಕಸ್ ಮಾಡುವ ಹಳೆಯದೊಂದನ್ನು ಎತ್ತಿಕೊಂಡು, ರಸ್ತೆಯಾಚೆಯ ಜಟಕಾ ಕುದುರೆಯತ್ತ ಹಿಡಿದು ಲೆನ್ಸ್ ತಿರುಗಿಸಿದರು.

"ರೆಪ್ಪೆ ಕೂದ್ಲೂ ಕಾಣ್ತದೆ. ಇದೇ ಕೊಡಿ."

"ಇದ್ರಲ್ಲಿ ಕೆರೆ ಚೆನ್ನಾಗಿ ಬರುತ್ತೆ ಮೇಡಂ, ಹಕ್ಕಿ ಮಾತ್ರ ಚುಕ್ಕಿ ಥರ ಕಾಣುತ್ತೆ. ಅದಕ್ಕೆ ಉದ್ದದ ಲೆನ್ಸ್ ಬೇಕು, ಅದು ದುಬಾರಿ."

"ಬುಡಿ, ಅದ್ರ ತಾವ್ಕೆ ನಾವೇ ಓಗನ."

ಮೊದಮೊದಲು ಬೆಳ್ಳಕ್ಕಿಗಳು ಅವರನ್ನು ಕಂಡರೆ ಹಾರಿಬಿಡುತ್ತಿದ್ದವು. ನಮ್ಮ ಎಮ್ಮೆಗೆ ಮಾತ್ರ ಹೆದರುತ್ತಿರಲಿಲ್ಲ. ಅದನ್ನು ಗಮನಿಸಿದ ನರ್ಸಮ್ಮ ಒಂದು ಬೆಳಗ್ಗೆ ಎಮ್ಮೆಯ ಮರೆಯಲ್ಲಿ ಬಗ್ಗಿಕೊಂಡು ಕೆರೆಗಿಳಿದರು. ಬೆಳ್ಳಕ್ಕಿಯೊಂದು ಬಂದು ಎಮ್ಮೆಯ ಬೆನ್ನ ಮೇಲೇ ಕೂತಿತು. ಅವರು ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಆ ಸದ್ದಿಗೆ ಬೆದರಿದ ಎಮ್ಮೆ ಆಳದತ್ತ ನುಗ್ಗಿತು. ನರ್ಸಮ್ಮ ಎದೆಮಟ್ಟದ ನೀರಿನಲ್ಲಿ ಎರಡೂ ಕೈಯಿಂದ ಕ್ಯಾಮೆರಾ ಮೇಲೆತ್ತಿ ಹಿಡಿದು, ದಡದಲ್ಲಿದ್ದ ನನಗೆ ಕೂಗಿ ಹೇಳಿದರು: "ಬಂತು ಕಣಮ್ಮಿ, ಕಣ್ಣೂ ಬಂತು!"

ನಿಜವಾಗಿಯೂ ಬಂದಿತ್ತು. ಬೆಳ್ಳಕ್ಕಿ ದೊಡ್ಡದಾಗಿತ್ತು, ಹಿಂದೆ ಇಡೀ ಕೆರೆಯಿತ್ತು. ನಮ್ಮತ್ತೆ ಆ ಫೋಟೊವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ಹುಡುಕಿದರು.

"ನಮ್ಮೆಮ್ಮೆ ಮಕ ಎಲ್ಲವ್ವಾ?"

ನರ್ಸಮ್ಮ ಹೊಸ ರೀಲು ಹಾಕಿಕೊಂಡು ಕೊಟ್ಟಿಗೆಗೆ ನಡೆದರು.